ಲಕ್ಕುಂಡಿಯ ಮುಂಜಾನೆಗೆಂದು ಕೊಟ್ಟ 5,800 ರೂಪಾಯಿ

ಹುಬ್ಬಳ್ಳಿ-ಧಾರವಾಡದವರಿಗೆ ಗುರುವಾರ, ಶುಕ್ರವಾರ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದಾದರೂ ವೀಕೆಂಡ್ ಪ್ಯಾಕೇಜಿನ ಸಂದೇಶ ಬಂದೇ ಬರುತ್ತದೆ. ಸಂಗೀತ, ಊಟ, ಸುತ್ತಾಟ ಮೂರನ್ನೂ ಒಂದೇ ದಿನದಲ್ಲಿ ಮಾಡಿಸುತ್ತೇವೆ ಎಂಬ ಇಂಥದೊಂದು ಸಂದೇಶವನ್ನು ನಂಬಿ, ಏಪ್ರಿಲ್ ತಿಂಗಳ ಎರಡನೆಯ ಭಾನುವಾರ ನನ್ನ ಮನೆಯ ನಾಲ್ವರು ಪಟ್ಟ ಪಾಡನ್ನು ಬರೆಯುತ್ತಿದ್ದೇನೆ. ಅದೇ ಜನರು ಈಗ ಹೆಸರು ಬದಲಿಸಿಕೊಂಡು ಮಳೆಗಾಲದ ಪ್ರವಾಸಕ್ಕೆ ಮುಂಗಡ ಕೂಡಿಸುತ್ತಿದ್ದಾರೆಂದು ಗೊತ್ತಾದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಸಂದೇಶದಲ್ಲಿದ್ದ ಕಾರ್ಯಕ್ರಮ ಹೀಗಿತ್ತು: ಬೆಳಗಿನ 4:30ಕ್ಕೆ ಹುಬ್ಬಳ್ಳಿಯಿಂದ ಹೊರಟು ಗದಗ ದಾಟಿ ಲಕ್ಕುಂಡಿ ಸೇರುವುದು, ಸೂರ್ಯ ಮೂಡುವ ಹೊತ್ತಿಗೆ ಕಾಶಿ ವಿಶ್ವನಾಥ ದೇವಾಲಯದ ಅಂಗಳದಲ್ಲಿ ಹಿಂದುಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಗಾಯನ ಕೇಳುವುದು, ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಮಾದಲಿಯ ಊಟ, ಸಂಜೆ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳನ್ನು ನೋಡುವುದು, ಮರಳುವಾಗ ಮನೆಗೊಂದು ಅರ್ಧ ಕಿಲೋ ಧಾರವಾಡ ಫೇಡೆ. ತಲೆಗೆ 1,450 ರೂಪಾಯಿ, ಪೂರ್ತಿ ಹಣ ಮುಂಗಡವಾಗಿಯೇ ಕೊಡಬೇಕು. ನನ್ನ ತಾಯಿ ಹರೆಯದಲ್ಲಿ ಕುಂದಗೋಳದಲ್ಲಿ ಅದೇ ಘರಾಣೆಯ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತವನ್ನು ರಾತ್ರಿಯಿಡೀ ಕುಳಿತು ಕೇಳಿದವರು. ಮೊಣಕಾಲು ನೋವಿನಿಂದ ಈಚೆಗೆ ಎಲ್ಲಿಗೂ ಹೋಗದ ಅವರು, ಲಕ್ಕುಂಡಿಯಲ್ಲಿ ಮುಂಜಾನೆಯ ಲಲಿತ್ ರಾಗ ಎಂದು ಓದಿದ ಕೂಡಲೇ ತಾವಾಗಿ ಬರುತ್ತೇನೆಂದರು. ನಾನು ಆ ಸಂತೋಷದಲ್ಲಿ ಬೇರೇನನ್ನೂ ವಿಚಾರಿಸದೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ 5,800 ರೂಪಾಯಿ ಕಳಿಸಿಬಿಟ್ಟೆ. ಹಣ ಹೋಗುವ ಮೊದಲು ತೆರೆಯ ಮೇಲೆ ಕಾಣಿಸಿದ ಖಾತೆದಾರರ ಹೆಸರಿಗೂ ಸಂದೇಶದಲ್ಲಿದ್ದ ತಂಡದ ಹೆಸರಿಗೂ ಯಾವ ಸಂಬಂಧವೂ ಇರಲಿಲ್ಲ. ಅದನ್ನು ನೋಡಿಯೂ ಮುಂದುವರಿದದ್ದು ನನ್ನ ಮೊದಲ ತಪ್ಪು.

ಎರಡನೆಯದು ಹೆಬ್ಬಾತುಗಳ ವಿಷಯ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಆ ಹಕ್ಕಿಗಳು ಚಳಿಗಾಲ ಕಳೆಯಲು ಮಂಗೋಲಿಯಾ ಕಡೆಯಿಂದ ಬರುತ್ತವೆ. ನವೆಂಬರ್ ಸುಮಾರಿಗೆ ಬಂದು ಮಾರ್ಚ್ ಹೊತ್ತಿಗೆ ಮರಳುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಪತ್ರಿಕೆಗಳಲ್ಲಿ ಇದೆಲ್ಲವನ್ನೂ ಓದಿದ್ದೆ. ಏಪ್ರಿಲ್‌ನಲ್ಲಿ ಆ ಹಕ್ಕಿಗಳನ್ನು ತೋರಿಸುತ್ತೇನೆ ಎನ್ನುವವನು ಕೆರೆಯ ದಂಡೆಗೆ ಒಮ್ಮೆಯೂ ಹೋದವನಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಇಂಥ ಪ್ರಕಟಣೆ ಕಂಡಾಗ ಋತುವನ್ನೂ ತಿಂಗಳನ್ನೂ ತಾಳೆ ನೋಡಿ. ಸುಳ್ಳು ಮೊದಲು ಸಿಕ್ಕಿಬೀಳುವುದು ಅಲ್ಲಿಯೇ.

ವಾಹನ ಬಂದದ್ದು ಆರು ಗಂಟೆಗೆ. ಹದಿಮೂರು ಆಸನಗಳ ಟೆಂಪೋ ಟ್ರಾವೆಲರ್‌ನಲ್ಲಿ ಹದಿನೇಳು ಜನ. ನಂಬರ್ ಪ್ಲೇಟ್ ಬಿಳಿಯದಾಗಿತ್ತು. ಬಾಡಿಗೆಗೆ ಜನರನ್ನು ಒಯ್ಯುವ ವಾಹನಕ್ಕೆ ಹಳದಿ ಪ್ಲೇಟ್ ಮೇಲೆ ಕಪ್ಪು ಅಕ್ಷರಗಳಿರಬೇಕು. ಬಿಳಿ ಪ್ಲೇಟಿನ ಸ್ವಂತ ಗಾಡಿಯಲ್ಲಿ ಹಣ ಕೊಟ್ಟು ಪ್ರಯಾಣಿಸುವಾಗ ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತಕರಾರು ಏಳಬಹುದು. ಸಂಘಟಕರು ಎಲ್ಲಿದ್ದಾರೆಂದು ಕೇಳಿದರೆ ಚಾಲಕ, "ನನಗ ನಿನ್ನೆ ರಾತ್ರಿ ಫೋನ್ ಬಂತ್ರೀ, ಗಾಡಿ ತಗೊಂಡು ಬಾ ಅಂದ್ರು, ಬಂದೀನಿ. ಅವರ ಮಾರಿ ಸುದ್ದಾ ನೋಡಿಲ್ರೀ" ಎಂದ. ಇಳಿದು ಮನೆಗೆ ಹೋಗೋಣವೆಂದು ಹೆಂಡತಿ ಹೇಳಿದಳು. ಅಷ್ಟರಲ್ಲಿ ತಾಯಿ ಸೀಟು ಹಿಡಿದು ಕುಳಿತಿದ್ದರು.

ಲಕ್ಕುಂಡಿ ತಲುಪಿದಾಗ 8 ಗಂಟೆ ದಾಟಿತ್ತು, ಬಿಸಿಲು ಚುರುಕಾಗಿತ್ತು. ದೇವಾಲಯದ ಗೇಟಿನ ಬಳಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ತಬಲಾದ ಹುಡುಗನೊಂದಿಗೆ ನಮಗಾಗಿ ಕಾಯುತ್ತಿದ್ದಳು. ಕಾವಲುಗಾರರು ಬಹಳ ಸೌಜನ್ಯದಿಂದಲೇ, "ಪರವಾನಗಿ ಪತ್ರ ಐತೇನ್ರಿ?" ಎಂದು ಕೇಳಿದರು. ಪತ್ರ ಯಾರ ಬಳಿಯೂ ಇರಲಿಲ್ಲ. ಕಾಶಿ ವಿಶ್ವನಾಥ ದೇವಾಲಯವೂ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಅಲ್ಲಿ ಸಭೆ, ಸಮಾರಂಭ, ಮನರಂಜನೆ ಏನನ್ನೇ ನಡೆಸುವುದಿದ್ದರೂ ಇಲಾಖೆಯ ಲಿಖಿತ ಅನುಮತಿ ಬೇಕು. ಆ ಇಲಾಖೆಯ ವಲಯ ಕಚೇರಿ ಧಾರವಾಡದಲ್ಲಿಯೇ ಇದೆ, ಅರ್ಜಿ ಕೊಡಲು ಸಂಘಟಕರು ದೂರವೇನೂ ಹೋಗಬೇಕಾಗಿರಲಿಲ್ಲ. ಕಾವಲುಗಾರರ ಮೇಲೆ ಕೆಲವರು ಸಿಟ್ಟಾದರು, ಅದು ತಪ್ಪು. ಸಾವಿರ ವರ್ಷದ ಕಲ್ಲಿನ ಅಂಗಳದಲ್ಲಿ ಸಿಕ್ಕಸಿಕ್ಕವರು ಸ್ಪೀಕರ್ ಇಡುವಂತಾದರೆ ಆ ಕಲ್ಲು ಉಳಿಯುವುದಿಲ್ಲ.

ಆ ಹುಡುಗಿಯ ಮುಖವನ್ನು ನಾನು ಮರೆಯಲಾರೆ. ಎಲ್ಲ ಅನುಮತಿಯೂ ಆಗಿದೆ, ಸಂಭಾವನೆ ಅಲ್ಲಿಯೇ ಸಿಗುತ್ತದೆ ಎಂದು ಅವಳಿಗೆ ಹೇಳಿದ್ದರಂತೆ. ಬಂದುಹೋಗುವ ಖರ್ಚೂ ಅವಳ ಕೈಯಿಂದಲೇ. ರಸ್ತೆಯಾಚೆ ಬೇವಿನ ಮರದ ನೆರಳಲ್ಲಿ ಚಾಪೆ ಹಾಸಿ, ಮೊಬೈಲ್‌ನಲ್ಲಿ ತಂಬೂರಿಯ ಶ್ರುತಿ ಹಚ್ಚಿಕೊಂಡು, ನನ್ನ ತಾಯಿಯ ಕಡೆ ತಿರುಗಿ, "ಅಮ್ಮಾರ, ಲಲಿತ್ ಹಾಡೋ ಹೊತ್ತು ಮೀರೇತಿ, ತೋಡಿ ಹಾಡ್ಲೇನ್ರಿ?" ಎಂದು ಕೇಳಿದಳು. ಲಾರಿಗಳು ಹಾಯುವ ಸದ್ದಿನ ನಡುವೆ ಇಪ್ಪತ್ತು ನಿಮಿಷ ಹಾಡಿದಳು. ಇಡೀ ದಿನದಲ್ಲಿ ನಮಗೆ ಸಿಕ್ಕ ನಿಜವಾದ ವಸ್ತು ಅದೊಂದೇ. ನಾವೆಲ್ಲ ಸೇರಿ ಕೈಲಾದಷ್ಟು ಹಣ ಕೂಡಿಸಿ ಇಬ್ಬರಿಗೂ ಕೊಟ್ಟೆವು. ಇಂಥ ಪ್ಯಾಕೇಜುಗಳಲ್ಲಿ ಕಲಾವಿದರೂ ನಮ್ಮಂತೆಯೇ ಮೋಸಹೋಗುತ್ತಾರೆ, ಆದ್ದರಿಂದ ಹಾಡುವವರ ಹೆಸರು ಕೇಳಿ, ಸಾಧ್ಯವಾದರೆ ಅವರನ್ನೇ ಸಂಪರ್ಕಿಸಿ ಖಚಿತಪಡಿಸಿಕೊಳ್ಳಿ.

ಊಟದ ಡಬ್ಬಿಗಳನ್ನು ಹಿಂದಿನ ರಾತ್ರಿಯೇ ಕಟ್ಟಿ ಗಾಡಿಯ ಹಿಂಬದಿಯಲ್ಲಿ ಇಟ್ಟಿದ್ದರು. ಮುಚ್ಚಳ ತೆಗೆದರೆ ಎಣ್ಣೆಗಾಯಿಯ ಮಸಾಲೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಎದ್ದಿದ್ದವು. ಶೇಂಗಾ ಹುರಿದ ಪರಿಮಳದ ಬದಲು ಹುಳಿ ವಾಸನೆ ಮೂಗಿಗೆ ಬಡಿಯಿತು. ರೊಟ್ಟಿ, ಶೇಂಗಾ ಹಿಂಡಿಯನ್ನಷ್ಟೇ ತಿಂದವರು ಬಚಾವಾದರು. ಹಸಿವು ತಡೆಯದೆ ಎಣ್ಣೆಗಾಯಿ ತಿಂದ ಮೂವರು ಸಂಜೆಯ ಹೊತ್ತಿಗೆ ವಾಂತಿ ಮಾಡಿಕೊಂಡು ಗದಗಿನಲ್ಲಿ ಆಸ್ಪತ್ರೆ ಸೇರಬೇಕಾಯಿತು. ಡಬ್ಬಿಯ ಮೇಲೆ ತಯಾರಿಸಿದವರ ಹೆಸರಿಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಇಲ್ಲ. ಫೇಡೆಯೆಂದು ಕೊಟ್ಟದ್ದು ಬೆಳ್ಳಗಿನ ಮೆತ್ತನೆಯ ಉಂಡೆ. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು ಸಕ್ಕರೆಪುಡಿಯಲ್ಲಿ ಹೊರಳಿಸಿದ ಧಾರವಾಡ ಫೇಡೆಯನ್ನು ಬಾಲ್ಯದಿಂದ ತಿಂದವರಿಗೆ ಅದನ್ನು ಕೊಡುವ ಧೈರ್ಯವಾದರೂ ಹೇಗೆ ಬಂತೋ. ಮಾಗಡಿಗೆ ನಾವು ಹೋಗಲೇ ಇಲ್ಲ.

ಮರುದಿನದಿಂದ ಸಂಘಟಕರ ಫೋನ್ ಸ್ವಿಚ್ ಆಫ್. ಮೂರು ದಿನಗಳ ನಂತರ ಬೇರೊಂದು ಸಂಖ್ಯೆಯಿಂದ, ನಿಮ್ಮ ಹಣ ಮರಳಿಸುತ್ತೇವೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂಬ ಸಂದೇಶ ಎಲ್ಲರಿಗೂ ಬಂತು. ನನ್ನ ಮಗಳು ಕೈ ಹಿಡಿದು ತಡೆದದ್ದರಿಂದ ನಾನು ಉಳಿದೆ. ನಮ್ಮೊಂದಿಗೆ ಬಂದಿದ್ದ ನಿವೃತ್ತ ಶಿಕ್ಷಕರೊಬ್ಬರು ಪಿನ್ ಹಾಕಿ ಇನ್ನೂ 9,000 ರೂಪಾಯಿ ಕಳೆದುಕೊಂಡರು. ಹಣ ಬರುವುದಿದ್ದರೆ ಯುಪಿಐನಲ್ಲಿ ಸ್ಕ್ಯಾನ್ ಮಾಡುವುದಾಗಲಿ ಪಿನ್ ಒತ್ತುವುದಾಗಲಿ ಬೇಕಿಲ್ಲ. ಪಿನ್ ಕೇಳಿದರೆ ನಿಮ್ಮ ಖಾತೆಯಿಂದ ಹಣ ಹೋಗಲಿದೆ ಎಂದೇ ಅರ್ಥ. ಅವರು ಆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರೆ ಹಣವನ್ನು ತಡೆಹಿಡಿಯುವ ಅವಕಾಶ ಇರುತ್ತಿತ್ತು. ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ.

ನಾನು ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಅರ್ಜಿ ಸಿದ್ಧಪಡಿಸುತ್ತಿದ್ದೇನೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಏನು ಮಾಡಬೇಕೆಂದು ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಂದು ಆ ಗಾಡಿಯಲ್ಲಿದ್ದವರು, ಅದೇ ಖಾತೆಗೆ ಹಣ ಹಾಕಿದ ಇತರರು ದಯವಿಟ್ಟು ಪಾವತಿಯ ಸ್ಕ್ರೀನ್‌ಶಾಟ್, ಬಂದ ಸಂದೇಶ, ಗಾಡಿಯ ಫೋಟೋ ಯಾವುದನ್ನೂ ಅಳಿಸಬೇಡಿ. ಒಬ್ಬರು ದೂರು ಕೊಟ್ಟಿದ್ದಾರಲ್ಲ ಎಂದು ಬಿಡದೆ ನೀವೂ ನಿಮ್ಮ ಠಾಣೆಯಲ್ಲಿ ಪ್ರತ್ಯೇಕವಾಗಿ ದೂರು ಬರೆಸಿ, ಸ್ವೀಕೃತಿ ಪತ್ರ ಪಡೆಯಿರಿ.