ಹೊಳಪು ಸೂಪರ್, ಮಳೆಗಾಲಕ್ಕೆ ಫೇಲ್

ಬೈಕಿಗೆ ಕಂಪನಿಯದ್ದಲ್ಲದ, ಹೊರಗಡೆ ಸಿಗುವ ಲೆಗ್ ಗಾರ್ಡ್, ಹಿಂದಿನ ಕ್ಯಾರಿಯರ್ ಹಾಕಿಸಿ ಒಂದು ಮಳೆಗಾಲ ಕಳೆಯಿತು. ಗಾರ್ಡಿನ ಕಪ್ಪು ಪೌಡರ್ ಕೋಟಿಂಗ್ (ಪುಡಿ ಬಣ್ಣ ಸಿಂಪಡಿಸಿ ಬಿಸಿಯಲ್ಲಿ ಕೂರಿಸುವ ಲೇಪನ) ಹೊಸದರಲ್ಲಿ ಎಷ್ಟು ನುಣುಪಾಗಿತ್ತೆಂದರೆ ಮೆಕ್ಯಾನಿಕ್ ಕೂಡ ಕೈಯಾಡಿಸಿ ನೋಡಿದರು. ಆದರೆ ಜುಲೈನಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆ ಓಡಾಡುವವರಿಗೆ ಗೊತ್ತಲ್ವಾ, ಗಾಡಿ ಒಣಗುವುದೇ ಇಲ್ಲ. ಮೊದಲು ತುಕ್ಕು ಬಂದಿದ್ದು ವೆಲ್ಡಿಂಗ್ ಜಾಗದಲ್ಲಿ. ಅಲ್ಲಿ ಸರಿಯಾಗಿ ಉಜ್ಜಿ ಕ್ಲೀನ್ ಮಾಡದೆ ಸುಮ್ನೆ ಕೋಟಿಂಗ್ ಹೊಡೆದರೆ ಅದು ಕಬ್ಬಿಣಕ್ಕೆ ಹಿಡಿಯುವುದಿಲ್ಲ, ಒಂದು ಕಲ್ಲು ಸಿಡಿದು ಚಕ್ಕೆ ಎದ್ದರೆ ಸಾಕು, ನೀರು ಒಳಗೆ ನುಗ್ಗಿ ಸುತ್ತಲಿನ ಬಣ್ಣವನ್ನೆಲ್ಲ ಹಪ್ಪಳದ ಹಾಗೆ ಎಬ್ಬಿಸುತ್ತದೆ. ಪೈಪಿನ ತುದಿಯ ಪ್ಲಾಸ್ಟಿಕ್ ಮುಚ್ಚಳವೂ ಸಡಿಲ. ಒಳಗೆ ನೀರು ನಿಂತು ಅಲ್ಲಿಂದಲೂ ತಿನ್ನುತ್ತಿದೆ.

ಜೊತೆಗೆ ಕೊಟ್ಟ ಬೋಲ್ಟುಗಳಂತೂ ಕೇಳಲೇಬೇಡಿ! ಎಲ್ಲ ಕೆಂಪು. ಶಿವಮೊಗ್ಗದಲ್ಲೇ ಸ್ಟೇನ್‌ಲೆಸ್ ಬೋಲ್ಟ್ ತಂದು ಬದಲಾಯಿಸಿದೆ.

ಕ್ಯಾರಿಯರ್ ಮಾತ್ರ ಗಟ್ಟಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಬಣ್ಣದ ರಗಳೆಯೇ ಇಲ್ಲ. ಕೆಸರು ತೊಳೆದರೆ ಮತ್ತೆ ಹೊಸದು. ಬೆಲೆ ಜಾಸ್ತಿ, ಮತ್ತು ಬೋಲ್ಟಿನ ತೂತು ಸರಿಯಾಗಿ ಕೂರದೆ ಮೆಕ್ಯಾನಿಕ್ ಅರದಿಂದ ಉಜ್ಜಬೇಕಾಯಿತು, ಇಷ್ಟು ದುಡ್ಡು ತಗೊಂಡು ಅಳತೆ ತಪ್ಪುವುದೆಂದರೆ ಏನು ಹೇಳುವುದು. ಆದರೂ ಕ್ಯಾರಿಯರ್ ಧೈರ್ಯವಾಗಿ ತಗೊಳ್ಳಿ. ಗಾರ್ಡ್ ಬೇಡ.