ಪಿಂಗ್, ಕರ್ಲ್, ಎಬಿ, ವರ್ಕ್2: ಸರ್ವರ್ ಸ್ಪೀಡ್ ಅಳೆಯಲು ಯಾವುದನ್ನು ನಂಬೋದು?

ಸೈಟ್ ನಿಧಾನ ಅಂತ ಯಾರಾದರೂ ಹೇಳಿದರೆ ಮೊದಲು ನಾನು ಮಾಡುತ್ತಿದ್ದದ್ದು ಪಿಂಗ್, ಅಂದರೆ ಸರ್ವರ್‌ಗೆ ಒಂದು ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡುವುದು. 20 ಮಿಲಿಸೆಕೆಂಡ್ ಬಂದರೆ ಸರಿ, ಸರ್ವರ್ ಚೆನ್ನಾಗಿದೆ, ನಿಮ್ಮ ನೆಟ್ ನೋಡಿಕೊಳ್ಳಿ ಅಂತ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ. ಒಂದು ದಿನ ಸುಮ್ನೆ ಟೆಸ್ಟ್ ಸರ್ವರ್‌ನಲ್ಲಿ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ನಿಲ್ಲಿಸಿ ಪಿಂಗ್ ಮಾಡಿದೆ. ಉತ್ತರ ಆರಾಮಾಗಿ ಬರುತ್ತಲೇ ಇತ್ತು! ಪಿಂಗ್‌ಗೆ ಉತ್ತರ ಕೊಡುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್, ವೆಬ್ ಸರ್ವರ್ ಅಲ್ಲ. ದಾರಿ ಎಷ್ಟು ದೂರ ಅಂತ ತಿಳಿಯುತ್ತದೆ, ಅಷ್ಟೇ.

ಆಮೇಲೆ ಕರ್ಲ್ ಹಿಡಿದೆ, ಕಮಾಂಡ್ ಲೈನ್‌ನಿಂದ ವೆಬ್ ರಿಕ್ವೆಸ್ಟ್ ಕಳಿಸುವ ಸಾಧನ. ಡಬ್ಲ್ಯು (-w) ಆಪ್ಷನ್ ಕೊಟ್ಟರೆ ಡಿಎನ್‌ಎಸ್ (ಸೈಟ್ ಹೆಸರಿನಿಂದ ವಿಳಾಸ ಹುಡುಕುವುದು), ಕನೆಕ್ಷನ್, ಟಿಎಲ್‌ಎಸ್ (ಸುರಕ್ಷಿತ ಕನೆಕ್ಷನ್ ಕಟ್ಟುವುದು), ಉತ್ತರದ ಮೊದಲ ಬೈಟ್, ಎಲ್ಲದರ ಸಮಯವನ್ನೂ ಬಿಡಿಸಿ ತೋರಿಸುತ್ತದೆ. ಇಲ್ಲೂ ನಾನು ಎಡವಿದೆ. ಆ ಅಂಕಿಗಳೆಲ್ಲ ಶುರುವಿನಿಂದಲೇ ಕೂಡಿಕೊಂಡು ಬರುತ್ತವೆ, ಪ್ರತಿ ಹಂತದ್ದು ಬೇರೆ ಬೇರೆ ಅಲ್ಲ. ಮೊದಲ ಬೈಟ್‌ಗೆ 0.4 ಸೆಕೆಂಡ್ ಅಂತ ನೋಡಿ ಎರಡು ದಿನ ಡೇಟಾಬೇಸ್ ಕ್ವೆರಿಗಳನ್ನು ಕೆದಕಿದ್ದೇನೆ. ಟಿಎಲ್‌ಎಸ್ ಮುಗಿಯುವ ಹೊತ್ತಿಗೇ 0.3 ಆಗಿತ್ತು, ಅದನ್ನು ಕಳೆದರೆ ಸರ್ವರ್ ಪಾಲಿಗೆ ಉಳಿಯುವುದು 0.1 ಮಾತ್ರ. ಒಂದೇ ರಿಕ್ವೆಸ್ಟ್‌ನ ಹೊಟ್ಟೆಯೊಳಗೆ ಏನಿದೆ ನೋಡಲು ಈಗಲೂ ನನಗೆ ಕರ್ಲ್ ಸಾಕು. ಆದರೆ ಒಂದು ಸಲ ಓಡಿಸಿ ನಂಬಬೇಡಿ, 20 ಸಲ ಓಡಿಸಿ ನಡುವಿನ ಅಂಕಿ ನೋಡಿ. ಮೊದಲ ಸಲ ಕ್ಯಾಶ್ (ಮತ್ತೆ ಬೇಗ ಕೊಡಲು ಎತ್ತಿಟ್ಟ ಉತ್ತರಗಳ ಜಾಗ) ಖಾಲಿ ಇರುತ್ತದೆ ಅಲ್ವಾ, ಅದನ್ನು ಬೇರೆಯಾಗಿಯೇ ಬರೆದಿಟ್ಟುಕೊಳ್ಳಿ.

ಜನ ಜಾಸ್ತಿ ಬಂದಾಗ ಸರ್ವರ್ ಹೇಗಿರುತ್ತದೆ ಅನ್ನುವುದಕ್ಕೆ ಎಬಿ (ಅಪಾಚೆ ಬೆಂಚ್) ಮತ್ತು ವರ್ಕ್2 (wrk2), ಎರಡೂ ಸರ್ವರ್ ಮೇಲೆ ರಿಕ್ವೆಸ್ಟ್‌ಗಳ ಮಳೆ ಸುರಿಸಿ ಅಳೆಯುವ ಸಾಧನಗಳು. ನಿಜವಾದ ಜಗಳ ಇರುವುದು ಇಲ್ಲೇ.

ಎಬಿ ಹಳೆಯದು, ಸುಲಭ, ಎಲ್ಲ ಕಡೆ ಸಿಗುತ್ತದೆ. ಕೆ (-k) ಆಪ್ಷನ್ ಮರೆತರೆ ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್ ತೆರೆಯುತ್ತದೆ, ಹೋಗಲಿ, ಅದನ್ನು ಸಹಿಸಬಹುದು. ದೊಡ್ಡ ತೊಂದರೆ ಬೇರೆ. ಪರೀಕ್ಷಿಸಲು ಒಂದು ಪುಟ್ಟ ಸರ್ವರ್ ಬರೆದೆ: ಸಾಮಾನ್ಯವಾಗಿ 1 ಮಿಲಿಸೆಕೆಂಡ್‌ನಲ್ಲಿ ಉತ್ತರ, ಆದರೆ ಪ್ರತಿ 10 ಸೆಕೆಂಡಿಗೊಮ್ಮೆ ಒಂದು ಪೂರ್ತಿ ಸೆಕೆಂಡ್ ಸ್ತಬ್ಧ. ಎಬಿ ಒಂದು ಕನೆಕ್ಷನ್‌ನಲ್ಲಿ ಉತ್ತರ ಬರುವ ತನಕ ಸುಮ್ಮನೆ ಕಾಯುತ್ತದೆ, ಆಮೇಲೇ ಮುಂದಿನದು. ಹಾಗಾಗಿ 10 ಸೆಕೆಂಡಿನಲ್ಲಿ ಸುಮಾರು 9000 ಬೇಗದವು, ನಿಧಾನದ್ದು ಒಂದೇ ಒಂದು. 99ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 99 ರಿಕ್ವೆಸ್ಟ್ ಮುಗಿಯುವ ಹೊತ್ತು, 1 ಮಿಲಿಸೆಕೆಂಡ್ ಅಂತ ನಗುತ್ತಾ ಹೇಳಿತು. ವರ್ಕ್2ಗೆ ಸೆಕೆಂಡಿಗೆ 100 ರಿಕ್ವೆಸ್ಟ್ ಅಂತ ದರ ಕಟ್ಟಿಕೊಟ್ಟೆ. ಅದು ಸರ್ವರ್ ನಿಂತರೂ ಬಿಡುವುದಿಲ್ಲ, ಪ್ರತಿ ರಿಕ್ವೆಸ್ಟ್ ಹೊರಡಬೇಕಿದ್ದ ಹೊತ್ತಿನಿಂದಲೇ ಲೆಕ್ಕ ಹಿಡಿಯುತ್ತದೆ. ಆ ಒಂದು ಸೆಕೆಂಡಿನಲ್ಲಿ ಹೊರಡಬೇಕಿದ್ದ 100 ರಿಕ್ವೆಸ್ಟ್‌ಗಳೂ ಕಾದವು, 99ನೇ ಪರ್ಸೆಂಟೈಲ್ 0.9 ಸೆಕೆಂಡ್ ಹತ್ತಿರ ಹೋಯಿತು. ಅದೇ ಸರ್ವರ್, ಎರಡು ಉತ್ತರ! ಹೀಗೆ ಕಾದ ರಿಕ್ವೆಸ್ಟ್‌ಗಳು ಲೆಕ್ಕದಿಂದಲೇ ತಪ್ಪಿಹೋಗುವುದಕ್ಕೆ ಗಿಲ್ ಟೆನೆ ಎಂಬ ಎಂಜಿನಿಯರ್ ಕೋಆರ್ಡಿನೇಟೆಡ್ ಒಮಿಷನ್ ಅಂತ ಹೆಸರಿಟ್ಟು ವರ್ಕ್2 ಬರೆದದ್ದೇ ಇದಕ್ಕಾಗಿ. ನಿಜವಾದ ಬಳಕೆದಾರರು ಒಬ್ಬರ ಪುಟ ಬರಲಿ ಅಂತ ಕಾದು ಕ್ಲಿಕ್ ಮಾಡುವುದಿಲ್ಲವಲ್ಲ. ನನ್ನ ಓಟು ವರ್ಕ್2ಗೆ. ಕೆ6 ಅನ್ನುವ ಇನ್ನೊಂದು ಲೋಡ್ ಪರೀಕ್ಷೆ ಸಾಧನ ಬಳಸುವವರು ಕಾನ್‌ಸ್ಟಂಟ್ ಅರೈವಲ್ ರೇಟ್ (ಕಟ್ಟಿದ ದರದಲ್ಲಿ ರಿಕ್ವೆಸ್ಟ್) ಆರಿಸಿಕೊಂಡರೆ ಹೆಚ್ಚುಕಮ್ಮಿ ಇದೇ ಕೆಲಸ ಆಗುತ್ತದೆ.

ಪುಟಗಳಿಗೆ ಸ್ಕೋರ್ ಕೊಡುವ ಗೂಗಲ್‌ನ ಲೈಟ್‌ಹೌಸ್ ಬಗ್ಗೆ ಒಂದೆರಡು ಮಾತು. ಅದು ಸರ್ವರ್ ಪರೀಕ್ಷೆಯಲ್ಲ, ಪುಟದ ಪರೀಕ್ಷೆ, ಅದೂ ನಿಧಾನ ಮೊಬೈಲ್ ನೆಟ್ ಇದೆ ಅಂತ ಅಂದುಕೊಂಡು ಹಾಕಿದ ಲೆಕ್ಕ. ಒಂದೇ ಪುಟಕ್ಕೆ ಐದು ಸಲ ಐದು ಸ್ಕೋರ್ ಬಂದರೆ ಗಾಬರಿಯಾಗಬೇಡಿ.

ಇನ್ನೊಂದು, ವರ್ಕ್2 ಅನ್ನು ಸರ್ವರ್ ಇರುವ ಮಷಿನ್‌ನಲ್ಲೇ ಓಡಿಸಬೇಡಿ. ಎರಡೂ ಒಂದೇ ಸಿಪಿಯುಗೆ ಕಿತ್ತಾಡುತ್ತವೆ, ಬಂದ ಅಂಕಿ ಯಾರದ್ದು ಅಂತ ಗೊತ್ತಾಗುವುದಿಲ್ಲ. ನಾನೂ ಒಂದು ವಾರ ಹಾಗೇ ಓಡಿಸಿದ್ದೆ, ಆ ಲೆಕ್ಕವೆಲ್ಲ ಡಿಲೀಟ್ ಆಯಿತು.