ಕಾಫಿ ಪುಡಿಗೆ ಅಮೆಜಾನೋ, ಎಟ್ಸಿಯೋ?

ಚಿಕ್ಕಮಗಳೂರಿನ ಮನೆಯಲ್ಲಿ ಹುರಿದ ಕಾಫಿ ಪುಡಿಯನ್ನು ಅಮೆಜಾನ್‌ನಲ್ಲಿ ಮಾರಬೇಕೋ, ಕೈಯಿಂದ ಮಾಡಿದ ವಸ್ತುಗಳಿಗೆ ಹೆಸರಾದ ಆನ್‌ಲೈನ್ ಮಾರುಕಟ್ಟೆ ಎಟ್ಸಿಯಲ್ಲೋ ಎಂದು ಕೇಳಿದ್ದೀರಿ. ಕಮಿಷನ್‌ಗಿಂತ ಮೊದಲು ಈ ಎರಡೂ ತಾಣಗಳು ಮಾರಾಟಗಾರರ ಸೇವೆಯನ್ನು ಅಳೆಯುವ ಬಗೆಯನ್ನು ನೋಡಿ. ಅಮೆಜಾನ್ ಎಣಿಸುವುದು ತಪ್ಪುಗಳನ್ನು: 60 ದಿನಗಳ ಆರ್ಡರ್‌ಗಳಲ್ಲಿ ಒಂದೆರಡೇ ನಕ್ಷತ್ರ ಪಡೆದವು, ಅಮೆಜಾನ್ ಗ್ರಾಹಕರಿಗೆ ಕೊಡುವ ಗ್ಯಾರಂಟಿಯಡಿ ದೂರು ಬಂದವು, ಕಾರ್ಡ್ ಪಾವತಿಯ ತಕರಾರಿಗೆ ಸಿಲುಕಿದವು ಒಟ್ಟು ಶೇಕಡಾ 1ಕ್ಕಿಂತ ಕಡಿಮೆಯಿರಬೇಕು, ಇಲ್ಲವಾದರೆ ಖಾತೆಯೇ ನಿಲ್ಲಬಹುದು. ತಿಂಗಳಿಗೆ ಇಪ್ಪತ್ತು ಆರ್ಡರ್ ಇರುವವರನ್ನು ಒಬ್ಬರ ಮುನಿಸೇ ಆ ಮಿತಿ ದಾಟಿಸುತ್ತದೆ. ಆದರೆ ಸರಕನ್ನು ಅವರ ಗೋದಾಮಿನಲ್ಲಿಟ್ಟರೆ ಸಾಗಣೆಯ ವಿಳಂಬದ ಹೊಣೆಯನ್ನು ಅವರೇ ಹೊರುತ್ತಾರೆ. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿಯುವ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. ಎಟ್ಸಿ ಉತ್ತಮ ಮಾರಾಟಗಾರರಿಗೆ ಕೊಡುವ ಸ್ಟಾರ್ ಸೆಲ್ಲರ್ ಗುರುತಿಗೆ ಸರಾಸರಿ 4.8 ನಕ್ಷತ್ರ, ಶೇಕಡಾ 95ರಷ್ಟು ಸಂದೇಶಗಳಿಗೆ 24 ಗಂಟೆಯೊಳಗೆ ಉತ್ತರ ಮತ್ತು ಸಕಾಲಿಕ ರವಾನೆ ಬೇಕು; ಗುರುತು ಸಿಗದಿದ್ದರೂ ಅಂಗಡಿ ನಡೆಯುತ್ತದೆ. ಗ್ರಾಹಕರೊಡನೆ ಮಾತನಾಡಲು ಪುರುಸೊತ್ತಿರುವ ಸಣ್ಣ ಮಾರಾಟಗಾರರಿಗೆ ಎಟ್ಸಿ ಹಿತ, ದಿನಕ್ಕೆ ಹತ್ತಾರು ಪೊಟ್ಟಣ ಕಳುಹಿಸುವವರಿಗೆ ಅಮೆಜಾನ್.